ಹಿಂದಿನವಳು

ದೆವ್ವ, ಗಾಳಿ, ಸೋಂಕು ಎನ್ನುವ ಮಾತು ಬಂದರೆ ನಗುತ್ತಿದ್ದವಳು ನಾನು. ನಮ್ಮ ಓಣಿಯಲ್ಲಿ ಯಾವ ಸೊಸೆಗೆ ಮೈಮೇಲೆ ಬಂದರೂ, ಅತ್ತೆ ಅವಳನ್ನು ಎಂಟು ದಿನ ತವರಿಗೆ ಕಳಿಸಲಿ, ತಾನೇ ಇಳಿಯುತ್ತದೆ ಎಂದು ಅಡ್ಡಮಾತು ಆಡುತ್ತಿದ್ದೆ. ಅಂಥ ಕಥೆಗಳಲ್ಲಿ ಹತ್ತಕ್ಕೆ ಒಂಬತ್ತು ಸುಳ್ಳು ಎಂದು ಈಗಲೂ ನನ್ನ ಎಣಿಕೆ. ಉಳಿದ ಒಂದರ ಬಗ್ಗೆ ಮಾತ್ರ ನಗಲಾರೆ, ಯಾಕೆಂದರೆ ಅದು ನನ್ನದೇ. ಅದು ನಡೆದದ್ದು ರಾತ್ರಿಯಲ್ಲಲ್ಲ, ಸ್ಮಶಾನದಲ್ಲೂ ಅಲ್ಲ. ಹಾಡಹಗಲು, ಗೋಕಾಕ ಘಾಟದ ರಸ್ತೆಯಲ್ಲಿ, ಒಂದು ಹಳೆಯ ಮೋಟಾರಿನೊಳಗೆ. ಬರೆಯಲು ಕುಳಿತರೆ ಭಯಕ್ಕಿಂತ ಮೊದಲು ಸಿಟ್ಟು ಬರುತ್ತದೆ. ಓದುವವರು ಸಹಿಸಿಕೊಳ್ಳಬೇಕು.

ಆಗ ದೊಡ್ಡ ಯುದ್ಧ ನಡೆದಿತ್ತು. ಪೆಟ್ರೋಲು ಕೂಪನ್ನಿನ ಮೇಲೆ ಸಿಗುತ್ತಿತ್ತು, ಅದೂ ಅಳೆದು ಸುರಿದು. ಅಂಥ ಹೊತ್ತಿನಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿಯ ಐದಾರು ಸಾಹುಕಾರರು ಸೇರಿ ಹಳೇ ಮೋಟಾರ ಮಂಡಳಿ ಎಂಬುದನ್ನು ಕಟ್ಟಿದ್ದರು. ಇಪ್ಪತ್ತು ವರ್ಷ ತುಂಬದ ಗಾಡಿಗೆ ಅಲ್ಲಿ ಪ್ರವೇಶವಿಲ್ಲ. ಕೂಪನ್ನು ಉಳಿಸಿ ಉಳಿಸಿ, ಎರಡು ಮೂರು ತಿಂಗಳಿಗೊಂದು ಆದಿತ್ಯವಾರ ಎಲ್ಲರೂ ಸಾಲಾಗಿ ಹೊರಡುವರು. ಒಮ್ಮೆ ದಡ್ಡಿಯ ಹೊಳೆದಂಡೆಗೆ, ಒಮ್ಮೆ ಘಾಟದ ಮೇಲಿನ ಗೋಕಾಕ ಫಾಲ್ಸಿಗೆ. ನಮ್ಮ ಯಜಮಾನರು ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರಿ. ಅವರ ಗಾಡಿಯೇ ಎಲ್ಲಕ್ಕಿಂತ ಹಳೆಯದು, ಆದ್ದರಿಂದ ಸಾಲಿನಲ್ಲಿ ಅದೇ ಮುಂದೆ. ಇಷ್ಟೆಲ್ಲ ಮಾಲೀಕರಲ್ಲಿ ಮೋಟಾರು ಹೊಡೆಯಲು ಬರುತ್ತಿದ್ದದ್ದು ಗೋಕಾಕದ ಡಾಕ್ಟರರಿಗೆ ಒಬ್ಬರಿಗೇ. ಉಳಿದವರು ರುಮಾಲು ಸುತ್ತಿಕೊಂಡು ಹಿಂದೆ ಕೂಡುವವರು.

ಹೆಂಗಸರಾದ ನಾವು ಆ ಮೋಟಾರುಗಳಲ್ಲಿ ಹೋಗುತ್ತಿದ್ದೆವೆಂದು ತಿಳಿಯಬೇಡಿ. ನಾವು ಕುಳಿತರೆ ಭಾರವಾಗಿ ಇಂಜಿನ್ ಕಾಯುತ್ತದಂತೆ. ನಾವು ನಸುಕಿನಲ್ಲೇ ರೊಟ್ಟಿ, ಝುಣಕ, ಶೇಂಗಾ ಹೋಳಿಗೆ, ಮೊಸರಿನ ಗಡಿಗೆ ಎಲ್ಲವನ್ನೂ ಎತ್ತಿನ ಗಾಡಿಗೆ ಏರಿಸಿಕೊಂಡು ಮುಂದೆ ಹೋಗಿ, ಜಮಖಾನೆ ಹಾಸಿ ಕಾಯಬೇಕು. ಮೋಟಾರಿನವರು ಆಮೇಲೆ ಧೂಳೆಬ್ಬಿಸುತ್ತ ಬಂದು, ದಣಿದೆವು ಎಂದು ಕೈಕಾಲು ಚಾಚಿ ಕೂಡುವರು. ದಣಿದದ್ದು ಯಾತಕ್ಕೆ ಎಂದು ಯಾರೂ ಕೇಳುತ್ತಿರಲಿಲ್ಲ.

ಆ ಗಾಡಿಗಳಿಗೆ ಒಂದು ಚಾಳಿಯಿತ್ತು. ಪೆಟ್ರೋಲಿನ ಟಾಕಿ ಸೀಟಿನ ಕೆಳಗೆ, ಇಂಜಿನ್ ಮುಂದೆ. ಟಾಕಿಯಲ್ಲಿ ಪೆಟ್ರೋಲು ಕಡಿಮೆಯಿದ್ದಾಗ ಕಡಿದಾದ ಏರು ಹತ್ತಿದರೆ ಮೂತಿ ಮೇಲಾಗಿ, ಎಣ್ಣೆ ಇಂಜಿನ್ನಿಗೆ ಇಳಿಯದೆ ಗಾಡಿ ನಿಂತುಬಿಡುತ್ತಿತ್ತು. ಅದಕ್ಕಾಗಿ ಘಾಟವನ್ನು ಹಿಮ್ಮುಖವಾಗಿ ಹತ್ತಿಸುವರು. ಒಬ್ಬ ಗಾಡಿಯ ಹಿಂದೆ ನಡೆಯುತ್ತ, ಬಲಕ್ಕ, ಎಡಕ್ಕ ಎಂದು ಕೂಗಿ ಹೇಳುವನು. ಮಂಡಳಿಯಲ್ಲಿ ಅವನಿಗೆ ಹಿಂದಿನವ ಎಂದೇ ಹೆಸರು. ಹಿಂದಿನವನಿಲ್ಲದೆ ಘಾಟ ಹತ್ತಬಾರದು ಎಂಬುದು ಅವರ ಮೊದಲನೆಯ ನಿಯಮ.

ನಮ್ಮ ಡ್ರೈವರು ದಸ್ತಗೀರ ಕಾಕಾ, ಹುಕ್ಕೇರಿಯವನು. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನು ಹಿತ್ತಲಿನ ಛಪ್ಪರದಲ್ಲಿ ಗಾಡಿಯ ಸ್ಟೇರಿಂಗು ಚಕ್ರ ಹಿಡಿದು ಕುಳಿತದ್ದನ್ನು ಅವನು ನೋಡಿಬಿಟ್ಟ. ಯಾರಿಗೂ ಹೇಳಲಿಲ್ಲ. ಬದಲಿಗೆ ಮೂರು ಪೆಡಲುಗಳನ್ನೂ ಚಕ್ರದ ಕೆಳಗಿನ ಕಡ್ಡಿಗಳನ್ನೂ, ಗಾಡಿಯ ಮೂತಿಗೆ ಹ್ಯಾಂಡಲ್ ಹಾಕಿ ತಿರುವಿ ಇಂಜಿನ್ ಎಬ್ಬಿಸುವುದನ್ನೂ ಒಂದೊಂದಾಗಿ ತೋರಿಸಿದ. ಯಜಮಾನರು ಊರಲ್ಲಿ ಇಲ್ಲದ ದಿನ ಹಿತ್ತಲಲ್ಲೇ ಮುಂದೆ ಹಿಂದೆ ಓಡಿಸಲು ಬಿಡುತ್ತಿದ್ದ. "ಅವ್ವಾರ, ಹ್ಯಾಂಡಲ್ ಹೊಡಿಯೂ ಮೊದಲ ಈ ಎಡಗಡೆ ಕಡ್ಡಿ ಮ್ಯಾಲೆ ಐತೋ ಇಲ್ಲೋ ನೋಡ್ರಿ. ಕೆಳಗಿದ್ದರ ಇಂಜಿನ್ ಹೊಳ್ಳಿ ಒದೀತೈತಿ, ಕೈ ಮುರೀತೈತಿ" ಎಂದು ನೂರು ಸಲ ಹೇಳಿದ್ದ.

ಆ ಆದಿತ್ಯವಾರ ಘಾಟದ ಬುಡದಲ್ಲಿ, ಹೊಳೆಯ ಬಾಜೂ ಹುಣಸೆಮರದ ಕೆಳಗೆ ಊಟ ಮುಗಿಯಿತು. ಮಂಡಳಿಯಲ್ಲೊಬ್ಬರು ಕ್ಯಾಮೆರಾ ತಂದಿದ್ದರು. ನಮ್ಮ ಯಜಮಾನರು ಡ್ರೈವರ ಜಾಗದಲ್ಲಿ ಕುಳಿತು, ತಿಳಿದವರ ಹಾಗೆ ಅದನ್ನೂ ಇದನ್ನೂ ಮುಟ್ಟಿ ಫೋಟೋ ತೆಗೆಸಿಕೊಂಡರು. ಎಡಗಡೆಯ ಕಡ್ಡಿಯನ್ನು ಕೆಳಗೆ ಎಳೆದದ್ದನ್ನು ನಾನು ಕಣ್ಣಾರೆ ಕಂಡೆ. ಕಾಕಾನಿಗೆ ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಯಾರೋ ನೀರು ಕೇಳಿದರು, ನಾನು ತಂಬಿಗೆ ತರಲು ಹೋದೆ. ಫೋಟೋದ ಗದ್ದಲದಲ್ಲಿ ನಮ್ಮ ಮೋಟಾರು ಹಿಂದುಳಿಯಿತು. ಉಳಿದವು ಫಾಲ್ಸು ನೋಡಲು ಮೇಲೆ ಹೋದವು, ಡಾಕ್ಟರರದೂ ಹೋಯಿತು. ಬೇರೆ ಹೆಂಗಸರ ಗಾಡಿಗಳು ಊರಿನ ದಾರಿ ಹಿಡಿದವು, ನಮ್ಮ ಎತ್ತಿನ ಗಾಡಿಯೊಂದೇ ಉಳಿಯಿತು. ಕಾಕಾ ತಾನು ಮೇಲೆ ಮಾಡಿಟ್ಟ ಕಡ್ಡಿ ಮೇಲೆಯೇ ಇದೆ ಎಂಬ ನಂಬಿಕೆಯಲ್ಲಿ ಹ್ಯಾಂಡಲ್ ಹೊಡೆದ. ಅದು ಹಿಂದಕ್ಕೆ ಒದೆಯಿತು. ಮುಂಗೈ ಮುರಿದು, ಬಿದ್ದ ಪೆಟ್ಟಿಗೆ ತಲೆ ಕಲ್ಲಿಗೆ ಬಡಿದು, ಕಾಕಾ ರಕ್ತದಲ್ಲಿ ಎಚ್ಚರತಪ್ಪಿ ಬಿದ್ದ.

ಡಾಕ್ಟರರು ಮೇಲೆ ಫಾಲ್ಸಿನಲ್ಲಿದ್ದರು. ಎತ್ತಿನ ಗಾಡಿಯಲ್ಲಿ ಒಯ್ದರೆ ಮುಟ್ಟುವುದರೊಳಗೆ ರಕ್ತವೆಲ್ಲ ಹರಿದುಹೋಗುತ್ತಿತ್ತು. ನಾನು ಸೆರಗು ಹರಿದು ತಲೆಗೆ ಬಿಗಿದೆ. ಎತ್ತಿನ ಗಾಡಿ ಹೊಡೆಯುವ ಯಲ್ಲಪ್ಪ ಕಾಕಾನನ್ನು ಎತ್ತಿ ಮೋಟಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದ. ನಾನು ಕಡ್ಡಿಯನ್ನು ಮೇಲಕ್ಕೆ ಸರಿಸಿ, ಹೋಗಿ ಹ್ಯಾಂಡಲ್ ಹೊಡೆದೆ. ಎರಡನೆಯ ಸಲಕ್ಕೆ ಇಂಜಿನ್ ಹತ್ತಿತು.

"ನೀವು ಹಿಂದ ನಡದು ದಾರಿ ಹೇಳ್ರಿ" ಎಂದೆ ಯಜಮಾನರಿಗೆ.

"ಹೆಣ್ಮಗಳು ಹೊಡಿಯೂ ಮೋಟಾರಿಗೆ ನಾ ಹಿಂದಿನವ ಆಗ್ಲೇನು? ಮಂದಿ ಏನಂದಾರು?"

"ಮಂದಿ ಇಲ್ಲೆ ಯಾರದಾರ್ರಿ?"

ಅವರು ರುಮಾಲು ಸರಿಮಾಡಿಕೊಂಡರು. ಎತ್ತಿನ ಗಾಡಿ ಏರಿ ಕುಳಿತರು, ಯಲ್ಲಪ್ಪನನ್ನೂ ಕರೆದುಕೊಂಡರು. ಒಬ್ಬ ಮನುಷ್ಯನ ಪ್ರಾಣ ಹೋಗುತ್ತಿರುವಾಗ ಇವರಿಗೆ ರುಮಾಲಿನ ಚಿಂತೆ.

ನಾನು ಗಾಡಿ ಹೊರಳಿಸಿ, ನಡುವಿನ ಪೆಡಲು ತುಳಿದು ಹಿಮ್ಮುಖವಾಗಿ ಏರತೊಡಗಿದೆ. ಬಿಸಿಲಿಗೆಂದು ಗಾಡಿಯ ಮೇಲಿನ ಬಟ್ಟೆಯ ಟಪ್ಪು ಏರಿಸಿತ್ತು, ಅದರ ಹಿಂದಿನ ಕಿಟಕಿ ಮಬ್ಬಾಗಿ ಏನೂ ಕಾಣುತ್ತಿರಲಿಲ್ಲ. ಪಕ್ಕಕ್ಕೆ ಬಗ್ಗಿದರೆ ಗುಡ್ಡದ ಕಡೆಯ ಚಕ್ರ ಕಾಣುತ್ತಿತ್ತು, ಕಮರಿಯ ಕಡೆಯದು ಕಾಣುತ್ತಿರಲಿಲ್ಲ. ಮೊದಲನೆಯ ತಿರುವಿನಲ್ಲಿ ಎತ್ತ ತಿರುಗಿಸಬೇಕೆಂದು ತಿಳಿಯದೆ ಗಾಡಿ ನಿಲ್ಲಿಸಿದೆ. ಆಗ ಹಿಂದಿನಿಂದ ಒಂದು ದನಿ ಬಂತು.

"ಬಲಕ್ಕ ತಗೋ, ತಂಗಿ. ಇನ್ನ ಸ್ವಲ್ಪ. ಹಾಂ, ಸಾಕ."

ವಯಸ್ಸಾದ ಹೆಂಗಸಿನ ದನಿ. ಸೀಟಿನಿಂದ ಬಂದದ್ದಲ್ಲ, ಗಾಡಿಯ ಆಚೆ ರಸ್ತೆಯಿಂದ ಬಂದದ್ದು. ಏರು ಹತ್ತುವವರಿಗೆ ಬರುವ ಏದುಸಿರು ಅದರಲ್ಲಿತ್ತು. ಕಟ್ಟಿಗೆ ಹೊರೆಯವಳು ಯಾರೋ ಇರಬೇಕು, ಪುಣ್ಯಾತ್ಗಿತ್ತಿ, ಎಂದುಕೊಂಡೆ. ಎರಡು ತಿರುವು ಅವಳು ಹೇಳಿದ ಹಾಗೆ ದಾಟಿದೆ. ಮೂರನೆಯದರಲ್ಲಿ, "ಅಲ್ಲೇ ನಿಂದರ" ಎಂದಳು. ಬ್ರೇಕು ಎಳೆದು, ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟು ಹಿಂದೆ ಹೋಗಿ ನೋಡಿದೆ. ಅಂಚಿನ ಕಲ್ಲುಗಳು ಕುಸಿದಿದ್ದವು. ಚಕ್ರ ಕಮರಿಗೆ ಗೇಣು ದೂರದಲ್ಲಿತ್ತು.

ಹಿಂದೆ ಯಾರೂ ಇರಲಿಲ್ಲ. ಒಂದು ಕಡೆ ಬೋಳು ಬಂಡೆ, ಇನ್ನೊಂದು ಕಡೆ ಪ್ರಪಾತ, ಅಡಗಲು ಒಂದು ಗಿಡವೂ ಇಲ್ಲ. ಮೇಲಿನ ತಿರುವಿನ ತನಕ ರಸ್ತೆಯ ಧೂಳಿನಲ್ಲಿ ಮುಂದೆ ಹೋದ ಮೋಟಾರುಗಳ ಗೆರೆಗಳಿದ್ದವು, ಹೆಜ್ಜೆಯಿರಲಿಲ್ಲ. ಕಾಕಾ ಮಲಗಿದ್ದಲ್ಲೇ ಮಲಗಿದ್ದ, ಹಲ್ಲು ಕಚ್ಚಿಕೊಂಡಿದ್ದ. ಅವನು ನನ್ನನ್ನು ತಂಗಿ ಎಂದವನೂ ಅಲ್ಲ. ನಿಂತು ಹೆದರುವುದಕ್ಕೆ ವೇಳೆಯಿರಲಿಲ್ಲ. ಮತ್ತೆ ಹತ್ತಿ ಕುಳಿತು, ನಾನೇ ಬಾಯಿಬಿಟ್ಟು ಕೇಳಿದೆ:

"ಹೇಳ್ರಿ ಯವ್ವಾ, ಈಗ ಎತ್ತ ತಿರುವಲಿ?"

"ಮದ್ಲ ಮುಂದ ಸ್ವಲ್ಪ ಬಿಡ. ಆಮ್ಯಾಲೆ ಎಡಕ್ಕ."

ಘಾಟ ಮುಗಿಯುವ ತನಕ ಅವಳು ಹೇಳಿದಳು, ನಾನು ಕೇಳಿದೆ. ಸಮನಾದ ರಸ್ತೆ ಬಂದಾಗ, "ಇನ್ನ ನಿನ್ನಷ್ಟಕ್ಕ ನೀ ಹೋಗ" ಎಂದಳು. ಹೊರಳಿ ನೋಡುವ ಧೈರ್ಯ ನನಗಾಗಲಿಲ್ಲ.

ಡಾಕ್ಟರರು ಹೊಲಿಗೆ ಹಾಕಿ, ಮುಂಗೈಗೆ ಪಟ್ಟಿ ಕಟ್ಟಿದರು. ಕಾಕಾ ಬದುಕಿದ, ಕೈ ಮಾತ್ರ ಸೊಟ್ಟಗಾಗಿಯೇ ಉಳಿಯಿತು. ಕೈಯಿಲ್ಲದ ಡ್ರೈವರು ಯಾಕೆ ಎಂದು ಯಜಮಾನರು ಅವನನ್ನು ಬಿಡಿಸಿ ಬೇರೆಯವನನ್ನು ಇಟ್ಟುಕೊಂಡರು. ಕಡ್ಡಿ ಕೆಳಗೆ ಎಳೆದವರು ನೀವು ಎಂದು ನಾನು ಮುಖದ ಮೇಲೆ ಹೇಳಿದೆ. ಎಂಟು ದಿನ ನನ್ನೊಡನೆ ಮಾತು ಬಿಟ್ಟರು. ಘಾಟದಲ್ಲಿ ಏನಾದರೂ ಕೇಳಿಸಿತೇ ಎಂದು ಕಾಕಾನನ್ನು ವಿಚಾರಿಸಿದೆ. ಹ್ಯಾಂಡಲಿಗೆ ಕೈ ಹಾಕಿದ್ದಷ್ಟೇ ಅವನಿಗೆ ನೆನಪು.

ಮುಂದಿನ ತಿಂಗಳು ಮಂಡಳಿ ನಮ್ಮ ಪಡಸಾಲೆಯಲ್ಲಿ ಸೇರಿತು. ಮೋಟಾರಿಗೆ ಕುಂಕುಮ ಹಚ್ಚಿ, ಮಾಲೆ ಹಾಕಿ, ಕಾಯಿ ಒಡೆದರು. ಗಾಡಿಗೆ ಜೀವವಿದೆ, ತನ್ನ ಡ್ರೈವರನನ್ನು ತಾನೇ ಉಳಿಸಿಕೊಂಡಿತು, ಮನೆಯಾಕೆ ಸುಮ್ಮನೆ ಚಕ್ರ ಹಿಡಿದು ಕುಳಿತಿದ್ದಳು ಎಂದು ಯಜಮಾನರು ಎಲ್ಲರೆದುರು ಹೇಳಿದರು. ಕಬ್ಬಿಣಕ್ಕೆ ಜೀವವಿದೆಯೆಂದು ಅಷ್ಟೂ ಜನ ತಲೆದೂಗಿದರು. ನನಗೆ ಕೈಯಿದೆ, ಬುದ್ಧಿಯಿದೆ ಎಂದು ನಂಬುವುದು ಅವರಿಗೆ ಅದಕ್ಕಿಂತ ಕಷ್ಟವಾಗಿತ್ತು. ನಾನು ಚಹಾದ ತಾಟನ್ನು ಅಲ್ಲೇ ಇಟ್ಟು ನಡುವೆ ಬಂದು ನಿಂತೆ.

"ಗಾಡಿ ಏರಸಿದಾಕಿ ನಾನು" ಎಂದೆ.

ಡಾಕ್ಟರರು ನಗಲಿಲ್ಲ. ನಿಜವಾಗಿಯೇ ಕೇಳಿದರು: "ಅವ್ವಾರ, ಹಿಂದ ಯಾರ ನಡದಿದ್ರು? ಯಾರಾದರೂ ಹೇಳದ ಆ ಮೂರನೇ ತಿರುವು ದಾಟಾಕ ಆಗೂದಿಲ್ಲ. ನನಗೂ ಆಗೂದಿಲ್ಲ."

ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಖರೆ ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ನೋಡಿದಿರಾ, ದೆವ್ವ ಹೊಡೆದುಕೊಂಡು ಬಂತು, ಇವಳದೇನೂ ಇಲ್ಲ ಎನ್ನುವರು.

"ಯಾರೂ ಇರಲಿಲ್ಲರಿ. ನಾ ಒಬ್ಬಾಕಿನ ಇದ್ದೆ" ಎಂದೆ.

ಯಜಮಾನರೂ ಕಾಕಾನೂ ಈಗಿಲ್ಲ. ಆ ತಿರುವಿನ ಬಗ್ಗೆ ನಾನು ಅನೇಕರನ್ನು ಕೇಳಿದ್ದೇನೆ. ರಸ್ತೆ ಕಡಿಯುವಾಗ ಕಲ್ಲು ಹೊರುವ ಹೆಂಗಸೊಬ್ಬಳು ಅಲ್ಲಿ ಸತ್ತಳೆಂದು ಒಬ್ಬರು ಹೇಳುತ್ತಾರೆ, ಅಂಥದ್ದೇನೂ ಆಗಿಲ್ಲವೆಂದು ಇನ್ನೊಬ್ಬರು. ಯಾವುದೂ ನನಗೆ ಒಪ್ಪಿಗೆಯಾಗಿಲ್ಲ. ಅವಳು ಯಾರೋ, ಯಾಕೆ ಬಂದಳೋ, ಅಷ್ಟು ದಣಿದು ಯಾಕೆ ನಡೆದಳೋ, ನಾನರಿಯೆ. ಮಂಡಳಿಯ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಬೇಕೆಂಬ ಆಸೆಯೂ ಇಲ್ಲ. ಆದರೆ ಅವರನ್ನು ಬಯ್ಯಲು ಬಾಯಿ ತೆರೆದಾಗಲೆಲ್ಲ ಅಂದು ನಾನು ಹೇಳಿದ ಮಾತೇ ಅಡ್ಡ ಬರುತ್ತದೆ. ಅವರು ನನಗೆ ಏನು ಮಾಡಿದರೋ, ಅದನ್ನೇ ನಾನು ಅವಳಿಗೆ ಮಾಡಿದೆ.