ಮಾವನ ಮಣಿಕಟ್ಟಿನ ಮೇಲೆ ಬೆಂಕಿಕಡ್ಡಿ

ನಮ್ಮ ಅತ್ತೆಯ ಕೈಗೆ ಸಿಕ್ಕಿದ್ದೆಲ್ಲ ಪ್ರಯೋಗವೇ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವ ಅವರು, ಮಕ್ಕಳಿಂದ ಮಾಡಿಸುವುದನ್ನೆಲ್ಲ ಮೊದಲು ಗಂಡನ ಮೇಲೆ ಮಾಡಿ ನೋಡಬೇಕು. ಮಾವ ದರ್ಜಿ, ಪಾಪ, ಎದುರಾಡುವ ಪೈಕಿಯವರಲ್ಲ. ಬ್ರೆಡ್ಡನ್ನು ಸಿಹಿಯಾಗುವವರೆಗೆ ಅಗಿಯಿರಿ ಎಂದರೆ ಅಗಿಯುತ್ತಿದ್ದರು. ಮೂಗು ಮುಚ್ಚಿಕೊಂಡು ಸೇಬು ಯಾವುದು, ಆಲೂಗಡ್ಡೆ ಯಾವುದು ಹೇಳಿ ಎಂದರೆ ತಪ್ಪು ಹೇಳಿ ಬೈಸಿಕೊಳ್ಳುತ್ತಿದ್ದರು. ನಾಡಿಯ ಪಾಠಕ್ಕೆ ಅತ್ತೆಯದು ಒಂದೇ ಕ್ರಮ: ಮೊದಲು ಕೂತು ನೋಡುವುದು, ಆಮೇಲೆ ಮೆಟ್ಟಿಲು ಓಡಿ ಹತ್ತಿ ಬಂದು ಮತ್ತೆ ನೋಡುವುದು. ಮನೆ ನೆಲಮಹಡಿಯಲ್ಲಿ, ಮೇಲೆ ಮೂರು ಅಂತಸ್ತು; ಮೆಟ್ಟಿಲಿಗೇನೂ ಬರವಿರಲಿಲ್ಲ. ಮಾವನಿಗೆ ಈ ಕ್ರಮ ಬಾಯಿಪಾಠವಾಗಿತ್ತು.

ಆ ಭಾನುವಾರ ಊಟಕ್ಕೆ ನಾನೂ ಹೋಗಿದ್ದೆ. ಅತ್ತೆ ಡ್ರಾಯಿಂಗ್ ಪಿನ್ನಿನ ಮೊನೆಗೆ ಬೆಂಕಿಕಡ್ಡಿ ಸಿಕ್ಕಿಸಿ, ಪಿನ್ನಿನ ಅಗಲ ತಲೆ ಚರ್ಮಕ್ಕೆ ತಾಗುವಂತೆ ಮಾವನ ಮಣಿಕಟ್ಟಿನ ಮೇಲೆ ನಿಲ್ಲಿಸಿದರು. ನಾಡಿ ಬಡಿದಾಗಲೆಲ್ಲ ಕಡ್ಡಿ ತುದಿ ಆಡಬೇಕು. ಆಡಿತು. ಆಮೇಲೆ ನಿಂತಿತು. ಮೂವರೂ ಬಗ್ಗಿ ನೋಡಿದೆವು. ಅಲುಗಲೇ ಇಲ್ಲ. ಅಷ್ಟರಲ್ಲಿ ಕಡ್ಡಿ ಮತ್ತೆ ಆಡತೊಡಗಿತು.

“ಪಿನ್ನೇ ಸರಿ ಇಲ್ಲ ಕಣೇ,” ಎಂದರು ಮಾವ.

ಅತ್ತೆ ಅದನ್ನು ತೆಗೆದು ತಮ್ಮ ಕೈ ಮೇಲಿಟ್ಟುಕೊಂಡರು. ಗಡಿಯಾರದ ಹಾಗೆ ಆಡಿತು. ತಿರುಗಿ ಮಾವನ ಕೈ ಮೇಲಿಟ್ಟರೆ, ಮತ್ತೆ ನಿಂತಿತು. ಅತ್ತೆಯ ಮುಖ ಬಿಳಿಚಿಕೊಂಡಿತು.

“ತಲೆಗಿಲೆ ಸುತ್ತಿತ್ತಾ? ನಿಜ ಹೇಳಿ.”

“ಮೊನ್ನೆ ಮಷಿನ್ ಮುಂದೆ ಸ್ವಲ್ಪ ಕಣ್ಣು ಕತ್ತಲೆ ಬಂತು. ಕನ್ನಡಕ ಬದಲಾಯಿಸಬೇಕೇನೋ ಅಂದ್ಕೊಂಡೆ.”

ಅತ್ತೆ ಫೋನ್ ತರಲು ಒಳಗೆ ಓಡಿದರು. ಮಾವ ನನ್ನತ್ತ ಕಣ್ಣು ಮಿಟುಕಿಸಿದರು. “ಎರಡನೇ ಸಲದ್ದೂ ಮುಗಿಸಿಬಿಡ್ತೀನಿ. ಇಲ್ಲಾಂದ್ರೆ ನಿಮ್ಮತ್ತೆ ಬಿಡೋಳಲ್ಲ.” ನಾನು ಬೇಡ ಅನ್ನುವಷ್ಟರಲ್ಲಿ ಬಾಗಿಲು ದಾಟಿ ಮೆಟ್ಟಿಲು ಹತ್ತುತ್ತಿದ್ದರು.

“ಎಲ್ಲಿ ಅವರು?” ಅತ್ತೆ ಫೋನ್ ಹಿಡಿದು ಬಂದರು. ಮೇಲಿನಿಂದ ಚಪ್ಪಲಿ ಸದ್ದು ಕೇಳಿಸುತ್ತಿತ್ತು. ಅತ್ತೆ ಫೋನನ್ನು ನನ್ನ ಕೈಗೆ ತುರುಕಿ ಓಡಿದರು. “ರೀ, ಹತ್ತಬೇಡಿ! ಅಲ್ಲೇ ಕೂತ್ಕೊಳ್ಳಿ!” ವರ್ಷಗಟ್ಟಲೆ ‘ಇನ್ನೂ ಜೋರಾಗಿ ಹತ್ತಿ’ ಎಂದು ಕೂಗಿದ ಗಂಟಲು ಅದು. ಚಪ್ಪಲಿ ಸದ್ದು ನಿಂತಿತು.

ಆಂಬುಲೆನ್ಸಿಗೆ ಹೇಳಿ ನಾನು ಮೇಲೆ ಹೋದಾಗ ಮಾವ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಒರಗಿ ಕುಸಿದಿದ್ದರು. ತುಟಿ ಕಪ್ಪಿಟ್ಟಿತ್ತು. ಮಣಿಕಟ್ಟು ಮೇಲೆ ಮಾಡಿ ಕೈಯನ್ನು ಅತ್ತೆಯತ್ತ ಚಾಚಿ, “ನೋಡು, ಬೇಗ,” ಎಂದು ತೊದಲಿದರು. ಕಣ್ಣು ಮೇಲೆ ಸಿಕ್ಕಿಕೊಂಡಿತು. ಅತ್ತೆ ಅವರ ಕತ್ತಿನ ಪಕ್ಕ ಬೆರಳೊತ್ತಿ ಹಿಡಿದು, “ಬಾ, ಬಾ, ಬಾ,” ಎಂದು ಬಡಿತವನ್ನೇ ಕರೆಯುತ್ತಿದ್ದರು. ಅಂಥ ಭಯ ನಾನು ಇನ್ನೊಮ್ಮೆ ಪಟ್ಟಿಲ್ಲ. ಕೊನೆಗೂ ಅತ್ತೆ, “ಬಂತು,” ಎಂದರು.

ಆಸ್ಪತ್ರೆಯಲ್ಲಿ ಮಾವನ ಎದೆಯ ಚರ್ಮದಡಿ ಪೇಸ್‌ಮೇಕರ್ ಇಟ್ಟರು. “ನಿಮ್ಮ ಬೆಂಕಿಕಡ್ಡಿನೇ ಇವರನ್ನ ಉಳಿಸಿದ್ದು, ಮೇಡಂ,” ಎಂದರು ಡಾಕ್ಟರು. ಬಂದ ನೆಂಟರೆಲ್ಲ ಅದನ್ನೇ ಹಾಡಿ ಹೊಗಳಿದರು. ಅತ್ತೆ ತಲೆ ಎತ್ತಲಿಲ್ಲ. ಎಲ್ಲರೂ ಹೋದ ಮೇಲೆ ಕೇಳಿದರು:

“ಅಷ್ಟು ಸುಸ್ತಾದ್ಮೇಲಾದ್ರೂ ನಿಲ್ಲಬಾರದಿತ್ತೇನ್ರೀ? ಯಾಕೆ ಹತ್ತಿದ್ರಿ?”

“ಮೊದಲನೇ ಮಹಡಿಲೇ ಎದೆ ಹಿಡ್ಕೊಳ್ತು,” ಎಂದರು ಮಾವ ಮೆಲ್ಲಗೆ. “ಅರ್ಧಕ್ಕೇ ನಿಲ್ಲಿಸಿದ್ರೆ ನೀನು ಬೈತೀಯಲ್ಲ.”

ಅತ್ತೆ ಹಾಸಿಗೆಯ ಅಂಚಿಗೆ ಮುಖ ಒತ್ತಿಕೊಂಡು ಗೋಳೋ ಎಂದು ಅತ್ತರು. ಪೇಷಂಟಿಗೇ ಏನೋ ಆಯಿತೆಂದು ನರ್ಸ್ ಓಡಿ ಬಂದಳು.