ಬಳೆಯಷ್ಟು ಅಗಲದ ರಜೆ

ಮೊನ್ನೆ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಮೇಜಿನ ಮೇಲೆ ಎರಡು ಸ್ಟೀಲ್ ಡಬ್ಬಿ ಇಟ್ಟು, "ಅವ್ವ ಕೊಟ್ಟಾಳ್ರಿ ಮಿಸ್" ಎಂದು ಹೇಳಿ ಓಡಿಹೋದಳು. ದೊಡ್ಡದರಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮುರಿದರೆ ಸದ್ದು ಮಾಡುವಂಥದ್ದು. ಚಿಕ್ಕದರಲ್ಲಿ ಭಜ್ಜಿ. ನಾವು ಇಲ್ಲಿ ಸಂಜೆ ಹೊತ್ತು ಗಾಡಿಯ ಮುಂದೆ ನಿಂತು ತಿನ್ನುವ ಬಜ್ಜಿಯಲ್ಲ ಅದು. ಕಲಬುರ್ಗಿ ಕಡೆಯವರು ಎಳ್ಳಮಾವಾಸ್ಯೆಗೆ ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲವನ್ನೂ ಕಡಲೆಹಿಟ್ಟು, ಹುಳಿ ಹಾಕಿ ಕುದಿಸುವ ಪಲ್ಯ. ಮುಚ್ಚಳ ತೆಗೆದದ್ದೇ ತಡ, ಬೆಳ್ಳುಳ್ಳಿಯ ವಾಸನೆ ಸ್ಟಾಫ್ ರೂಮಿನ ತುಂಬ ಹರಡಿತು. ನನಗೆ ಕೃಷ್ಣರಾಜಪುರ ಸ್ಟೇಷನ್ನಿನ ಪ್ಲಾಟ್‌ಫಾರಂ ನೆನಪಾಯಿತು. ಆ ಚಳಿ ಬೆಳಿಗ್ಗೆ ಅಲ್ಲಿ ನನ್ನ ಪಕ್ಕ ನಿಂತಿದ್ದ ನಮ್ಮ ಕಾರ್ಪೊರೇಟರಮ್ಮ ನೆನಪಾದರು...

ಅವರು ಹಲಸೂರಿನಲ್ಲಿ ಹುಟ್ಟಿ ಬೆಳೆದವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು, ಕನ್ನಡ ಕಲಿತದ್ದು ಅಲ್ಲಿನ ಸರ್ಕಾರಿ ಪ್ರೈಮರಿ ಶಾಲೆಯಲ್ಲಿ. ಮದುವೆಯಾಗಿ ಕೃಷ್ಣರಾಜಪುರದ ನಮ್ಮ ವಾರ್ಡಿಗೆ ಬಂದ ಮೇಲೂ ದಿನಾ ಬಸ್ಸು ಹತ್ತಿ ಕಮರ್ಷಿಯಲ್ ಸ್ಟ್ರೀಟ್ ಹಿಂದಿನ ಗಲ್ಲಿಯಲ್ಲಿ ಗಂಡನ ಜೊತೆ ಕೂತು ಸ್ಕೂಲ್ ಯೂನಿಫಾರಂ ಹೊಲಿಯುತ್ತಿದ್ದರು. ವಾರ್ಡು ಮಹಿಳೆಗೆ ಮೀಸಲಾದಾಗ ಯಾರೋ ಇವರ ಹೆಸರು ಹೇಳಿದರು, ಇವರು ಗೆದ್ದೂ ಬಿಟ್ಟರು. ಇನ್ನು ಮೇಲೆ ಗಂಡನದೇ ದರ್ಬಾರು ಎಂದು ಎಲ್ಲರೂ ಅಂದುಕೊಂಡಿದ್ದೆವು. ಆ ಪುಣ್ಯಾತ್ಮ ಹೊಲಿಗೆ ಮೆಷಿನ್ ಬಿಟ್ಟು ಏಳಲೇ ಇಲ್ಲ.

ಗೆದ್ದ ಹೊಸದರಲ್ಲಿ ಒಂದು ಶನಿವಾರ, ಬೆಳಗಿನ ಶಾಲೆ ಮುಗಿಯುವ ಹೊತ್ತಿಗೆ, ನಮ್ಮ ಶಾಲೆಯ ಗೇಟು ದಬ್ಬಿಕೊಂಡು ಒಳಗೆ ಬಂದರು. ಒಂದನೇ ಕ್ಲಾಸಿನ ಪುಟ್ಟ ಬೆಂಚುಗಳನ್ನು ಹೊರಗೆ ತರಿಸಿ ಅಂಗಳದ ಗಸಗಸೆ ಹಣ್ಣಿನ ಮರದ ಕೆಳಗೆ ಹಾಕಿಸಿದರು. ಇನ್ನು ಮೇಲೆ ವಾರ್ಡಿನ ಜನ ದೂರು ಹೇಳೋಕೆ, ಸಹಿ ಕೇಳೋಕೆ ಇಲ್ಲಿಗೇ ಬರಲಿ ಎಂದರು. ಓಟಿನ ನಾಟಕ ಇನ್ನೂ ಮುಗಿದಿಲ್ಲವಲ್ಲ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ. ಬೆಂಚುಗಳನ್ನು ಮತ್ತೆ ಒಳಗೆ ಇಡಿಸುವ ಕೆಲಸ ನನ್ನದಾಗಿತ್ತು, ನೋಡಿ.

ನಾಟಕವಾಗಿದ್ದರೆ ಒಂದೆರಡು ವಾರದಲ್ಲಿ ನಿಲ್ಲಬೇಕಿತ್ತು. ಐದು ವರ್ಷ ನಿಲ್ಲಲಿಲ್ಲ. ನಮ್ಮ ಶಾಲೆಯ ಒಂದು ಮಗ್ಗುಲಿಗೆ ಇನ್ಶೂರೆನ್ಸ್ ನೌಕರರ ಕಾಲೋನಿ, ಇನ್ನೊಂದು ಮಗ್ಗುಲಿಗೆ ಸಾಲು ಸಾಲು ಬಾಡಿಗೆ ರೂಮುಗಳು. ರೂಮುಗಳ ತುಂಬ ಕಟ್ಟಡ ಕೆಲಸಕ್ಕೆ ಬಂದ ಕಲಬುರ್ಗಿ ಕಡೆಯ ಸಂಸಾರಗಳು. ಇವರಿಗೆ ಅವರು ಗಲೀಜು, ಅವರಿಗೆ ಇವರು ಜಂಬದವರು. ಶನಿವಾರ ಮಾತ್ರ ಎಲ್ಲರೂ ಒಂದೇ ಎತ್ತರದ ಬೆಂಚಿನ ಮೇಲೆ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂರಬೇಕು. ಅದರ ಮೇಲೆ ಇನ್ನೊಂದು ಕಾನೂನು. ದೂರು ಹೇಳಲು ಬಾಯಿಬಿಡುವ ಮೊದಲು ಒಂದು ಮಗು ಬಂದು ಪಕ್ಕದಲ್ಲಿ ನಿಂತು ಪಾಠದ ಒಂದು ಪುಟ ಓದುತ್ತದೆ, ಅದನ್ನು ಕೇಳಬೇಕು. ಎಷ್ಟು ದೊಡ್ಡ ಮನುಷ್ಯರಾದರೂ ಬಿಡುತ್ತಿರಲಿಲ್ಲ.

ಕಾಲೋನಿಯ ರಿಟೈರ್ಡ್ ಸಾಹೇಬರೊಬ್ಬರು, ರೂಮಿನ ಮಕ್ಕಳು ತಮ್ಮ ಮನೆಯ ಬೆಲ್ ಒತ್ತಿ ಓಡಿಹೋಗುತ್ತಾರೆ ಎಂದು ದೂರು ತಂದಿದ್ದರು. ಮುಖ ಕೆಂಪಾಗಿತ್ತು. ಓದಲು ನಿಂತ ಹುಡುಗ ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಿದ್ದ. ಇವರು ತಿದ್ದಿದರು, ಅವನು ಮತ್ತೆ ಎಡವಿದ, ಇವರು ಕನ್ನಡಕ ಹಾಕಿಕೊಂಡು ಪುಸ್ತಕವನ್ನೇ ಕಿತ್ತುಕೊಂಡರು. ಪುಟ ಮುಗಿದು ಪಾಠವೂ ಮುಗಿಯಿತು, ಇಬ್ಬರೂ ಎದ್ದುಹೋದರು. ಮುಂದಿನ ಶನಿವಾರ ಮತ್ತೆ ಬಂದು, ಹೋದ ವಾರ ಕಂಪ್ಲೇಂಟ್ ಹೇಳೋದೇ ಮರೆತೆ ಎಂದರು. ಆ ವಾರವೂ ಮರೆತರು. ಬೆಲ್ ಒತ್ತುತ್ತಿದ್ದವನು ಅದೇ ಹುಡುಗ ಎಂದು ನಾನೂ ಬಾಯಿಬಿಡಲಿಲ್ಲ.

ಜನರ ಮಾತು ಕೇಳುತ್ತಲೇ ಕಾರ್ಪೊರೇಟರಮ್ಮ ಚೀಲದಿಂದ ಸೂಜಿ ದಾರ ತೆಗೆದು ಯಾವುದೋ ಮಗುವಿನ ಗುಂಡಿ ಹೊಲಿಯುತ್ತಿರುತ್ತಿದ್ದರು. ಒಮ್ಮೆ ಕೇಳಿಯೇಬಿಟ್ಟೆ, ವಾರ್ಡಿನಲ್ಲಿ ಇಷ್ಟು ಕೆಲಸ ಬಿದ್ದಿರುವಾಗ ನಿಮಗೆ ಈ ಮುರುಕು ಶಾಲೆಯೇ ಯಾಕೆ ಬೇಕು ಅಂತ.

"ಟೀಚರಮ್ಮ, ಚರಂಡಿ ಮಾಡ್ಸಿದ್ರೆ ಆ ರಸ್ತೆಯವ್ರು ನನ್ನ ನೆನಪಿಟ್ಕೋತಾರೆ, ಅಷ್ಟೇ. ಸ್ಕೂಲ್ ಚೆನ್ನಾಗಿ ನಡೆದ್ರೆ ಬೀದಿಯವ್ರು ಒಬ್ರನ್ನೊಬ್ರು ನೆನಪಿಟ್ಕೋತಾರೆ. ಆಸ್ಪತ್ರೆಗೆ ಕಾಯಿಲೆಯವ್ರು ಬರ್ತಾರೆ, ಗುಡಿಗೆ ಅವರವರ ಜನ ಬರ್ತಾರೆ. ಎಲ್ಲರ ಮನೆಯಿಂದ್ಲೂ ಯಾರಾದ್ರೊಬ್ರು ದಿನಾ ಬರೋ ಜಾಗ ಇದೊಂದೇ ಅಲ್ವಾ?"

ಹಲ್ಲಿನಲ್ಲಿ ದಾರ ಕಡಿದು ಮುಂದಿನ ಗುಂಡಿಗೆ ಕೈ ಹಾಕಿದರು. ಅವತ್ತಿನಿಂದ ಬೆಂಚು ಒಳಗಿಡುವಾಗ ನಾನು ಗೊಣಗಿದ್ದು ಕಡಿಮೆ.

ಅವರು ಬರುವ ಮೊದಲು ನಮ್ಮಲ್ಲಿ ಮಕ್ಕಳು ಬೆರಳೆಣಿಕೆಯಷ್ಟಿದ್ದರು. ಕಾಲೋನಿಯವರು ಇಂಗ್ಲಿಷ್ ಶಾಲೆಗೆ ಕಳಿಸುತ್ತಿದ್ದರು, ರೂಮಿನವರು ಎಲ್ಲಿಗೂ ಕಳಿಸುತ್ತಿರಲಿಲ್ಲ. ಇವರು ಒಂದು ಬೇಸಿಗೆಯೆಲ್ಲ ನನ್ನನ್ನೂ ಎಳೆದುಕೊಂಡು ರೂಮು ರೂಮು ತಿರುಗಿದರು. ನಲವತ್ತೇಳು ಮಕ್ಕಳನ್ನು ಸೇರಿಸಿದರು. ಒಬ್ಬೊಬ್ಬರನ್ನೂ ನಿಲ್ಲಿಸಿ ಟೇಪು ಹಿಡಿದು ಅಳತೆ ತೆಗೆದು ಯೂನಿಫಾರಂ ಹೊಲಿದರು. ಮೊದಲಿದ್ದ ಹದಿನಾಲ್ಕು, ಹೊಸಬರು ನಲವತ್ತೇಳು, ಒಟ್ಟು ಅರವತ್ತೊಂದಾಯಿತು. ಅಂಗಳದಲ್ಲಿ ಪ್ರಾರ್ಥನೆಗೆ ಜಾಗ ಸಾಲದಾಯಿತು.

ಯಾರ ಹೊಟ್ಟೆ ಉರಿಯಿತೋ ಗೊತ್ತಿಲ್ಲ. ಹೊಸ ಹೆಸರುಗಳೆಲ್ಲ ಬೋಗಸ್, ಶಾಲೆ ಉಳಿಸೋಕೆ ಸುಮ್ಮನೆ ಬರೆದುಕೊಂಡಿದ್ದಾರೆ ಎಂದು ಹೆಸರಿಲ್ಲದ ಪತ್ರವೊಂದು ಮೇಲಕ್ಕೆ ಹೋಯಿತು. ನಿಜವಾದರೆ ಶಾಲೆ ಮುಚ್ಚಿ ಮಕ್ಕಳನ್ನು ಹಳೇ ಮದ್ರಾಸ್ ರಸ್ತೆಯ ಆಚೆಗಿರುವ ಶಾಲೆಗೆ ಸೇರಿಸುತ್ತಾರೆ ಎಂದು ಸುದ್ದಿ ಬಂತು. ಆ ರಸ್ತೆ ದಾಟುವುದೆಂದರೆ ನನ್ನಂಥವಳಿಗೇ ಎದೆ ಹೊಡೆದುಕೊಳ್ಳುತ್ತದೆ. ಬೆಳಿಗ್ಗೆ ಏಳಕ್ಕೆಲ್ಲ ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಆರು ವರ್ಷದ ಮಗುವನ್ನು ದಾಟಿಸುವವರು ಯಾರು? ಮಕ್ಕಳು ಮತ್ತೆ ರೂಮಿನಲ್ಲೇ ಉಳಿಯುತ್ತಿದ್ದರು. ಅಷ್ಟೇ.

ಶಿಕ್ಷಣ ಇಲಾಖೆಯ ಒಬ್ಬ ಸಾಹೇಬರು ಬಂದು ತಲೆ ಎಣಿಸುತ್ತಾರೆ ಎಂದು ಗೊತ್ತಾದಾಗ ಕಾರ್ಪೊರೇಟರಮ್ಮ ಎದೆಯುಬ್ಬಿಸಿ, ನಾವೇ ದಿನ ಹೇಳ್ತೀವಿ, ಬರಲಿ ಎಂದರು. ಯಾವ ದಿನ ಎಂದು ನನ್ನನ್ನು ಕೇಳಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಕೆಂಪು ಅಂಕಿ ಇರಲಿಲ್ಲ, ಒಂದು ಅಮಾವಾಸ್ಯೆಯ ಕಪ್ಪು ಚುಕ್ಕೆ ಇತ್ತು. ಕೋಲಾರದ ಕಡೆಯಲ್ಲಿ ಹುಟ್ಟಿದ ನನಗೆ ಆ ಚುಕ್ಕೆ ಏನೂ ಹೇಳಲಿಲ್ಲ, ಹಲಸೂರಿನ ಅವರಿಗೂ ಹೇಳಲಿಲ್ಲ. ಆ ದಿನವನ್ನೇ ಗೊತ್ತು ಮಾಡಿದೆವು.

ಅವತ್ತು ಬೆಲ್ ಹೊಡೆದಾಗ ಅಂಗಳದಲ್ಲಿ ಹದಿನೈದು ಮಕ್ಕಳು. ಹಳಬರು ಹದಿನಾಲ್ಕು, ಹೊಸಬಳು ಒಬ್ಬಳು. ಸಾಹೇಬರು ವಾಚು ನೋಡಿಕೊಂಡರು. ನಾನು ಆ ಹೊಸಬಳನ್ನು, ಉಳಿದವರೆಲ್ಲ ಎಲ್ಲಿ ಹೋದರೇ ಎಂದು ಕೇಳಿದೆ.

"ಎಳ್ಳಮಾಸಿ ಅದಲ್ರಿ ಮಿಸ್! ಎಲ್ಲಾರೂ ಹೊಲಕ್ಕ ಚರಗ ಚೆಲ್ಲಲಕ್ಕ ಹೋಗ್ಯಾರ್ರಿ. ನಮ್ಮವ್ವ ಹಡದಾಳ, ಅದಕ್ಕ ನಾವು ಹೋಗಿಲ್ರಿ."

ಹೊಲದ ತುಂಬ ಊಟ ಚೆಲ್ಲಿ ಭೂಮಿತಾಯಿಗೆ ಉಣಬಡಿಸಿ, ಬೆಳೆಯ ನಡುವೆಯೇ ಕೂತು ಊರಿಗೆ ಊರೇ ಉಣ್ಣುವ ಹಬ್ಬವಂತೆ ಅದು. ದೀಪಾವಳಿಗೆ ಹೋಗದವರೂ ಅದಕ್ಕೆ ಊರಿಗೆ ಹೋಗುತ್ತಾರಂತೆ. ತಿಂಗಳುಗಟ್ಟಲೆ ಆ ಮಕ್ಕಳಿಗೆ ಪಾಠ ಹೇಳಿದ ನನಗೆ ಅವರ ದೊಡ್ಡ ಹಬ್ಬ ಯಾವುದೆಂದೇ ಗೊತ್ತಿರಲಿಲ್ಲ! ಇವತ್ತಿಗೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಹೆಡ್ ಮಾಸ್ತರು ಪಾಪ, ಗಾಬರಿಯಲ್ಲಿ ನಮ್ಮನ್ನು ಪಕ್ಕಕ್ಕೆ ಕರೆದು, ಹಿಂದಿನ ಬೀದಿಯ ಟ್ಯೂಷನ್ನಿನಿಂದ ಒಂದಷ್ಟು ಮಕ್ಕಳನ್ನು ಕರೆದು ಕೂರಿಸೋಣವೇ ಎಂದರು. ನಾನು ಹ್ಞೂಂ ಎನ್ನುವವಳಿದ್ದೆ. ಕಾರ್ಪೊರೇಟರಮ್ಮ ತಲೆ ಅಡ್ಡಡ್ಡ ಆಡಿಸಿದರು.

"ಬೇಡ ಸಾರ್. ಇಲ್ದಿರೋ ಮಕ್ಕಳನ್ನ ತೋರಿಸಿದ್ರೆ ಇರೋ ಮಕ್ಕಳೂ ಸುಳ್ಳಾಗ್ಬಿಡ್ತಾರೆ."

ಆಮೇಲೆ ಆ ಹುಡುಗಿಯನ್ನು ಹತ್ತಿರ ಕರೆದು ಎಲ್ಲ ವಿಚಾರಿಸಿದರು. ಅಕ್ಕಪಕ್ಕದ ಊರುಗಳವರಾದ್ದರಿಂದ ಎಲ್ಲರೂ ಒಂದೇ ಗುಂಪಾಗಿ ಹೋಗಿ, ಒಂದೇ ಗಾಡಿಯಲ್ಲಿ ಬರುತ್ತಾರೆ. ನಾಡಿದ್ದು ಬೆಳಿಗ್ಗೆ ಕೃಷ್ಣರಾಜಪುರದಲ್ಲಿ ಇಳಿಯುತ್ತಾರೆ. ಸಾಹೇಬರ ವರದಿ ನಾಡಿದ್ದು ಮಧ್ಯಾಹ್ನದೊಳಗೆ ಹೋಗಬೇಕಿತ್ತು.

"ಹಾಗಾದ್ರೆ ಸ್ಟೇಷನ್ನಿಗೆ ಬನ್ನಿ ಸಾರ್, ಅಲ್ಲೇ ಎಣಿಸ್ಕೊಳ್ಳಿ" ಎಂದರು.

"ಮೇಡಂ, ರೈಲ್ವೆ ಸ್ಟೇಷನ್ನಲ್ಲಿ ಹಾಜರಿ ತಗೊಳ್ಳೋ ಪದ್ಧತಿ ಇಲ್ಲ."

"ಮಕ್ಕಳಿಲ್ಲದ ಸ್ಕೂಲಲ್ಲಿ ತಗೊಳ್ಳೋ ಪದ್ಧತಿ ಇದ್ಯಾ?"

ಸಾಹೇಬರು ನಗಲಿಲ್ಲ. ಆದರೆ ಬಂದರು. ಮೂರನೇ ದಿನ ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು, ಪ್ಲಾಟ್‌ಫಾರಂ ಟಿಕೆಟ್ ತಗೊಂಡು ನಿಂತಿದ್ದರು. ಹೆಡ್ ಮಾಸ್ತರೂ ಬಂದಿದ್ದರು, ನಾನು ಹಾಜರಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಕಾರ್ಪೊರೇಟರಮ್ಮ ಮೂರನೇ ಟೀ ಕುಡಿಯುತ್ತಿದ್ದರು, ನಡುನಡುವೆ ಕೈಯ ಬಳೆಗಳನ್ನು ಹಿಂದೆ ಮುಂದೆ ಸರಿಸುತ್ತ ಹಳಿಯ ಕಡೆ ಬಗ್ಗಿ ನೋಡುತ್ತಿದ್ದರು. ಹೆದರಿದ್ದರು ಅವರೂ...

ಗಾಡಿ ಬಂತು. ಜನರಲ್ ಬೋಗಿಯಿಂದ ಜೋಳದ ಚೀಲ, ಗಂಟು, ಕೊಡ, ಕೂಸು ಎಲ್ಲ ಇಳಿದವು. ನನ್ನ ಕೈಯ ಪುಸ್ತಕ ನೋಡಿದ್ದೇ ತಡ, ರಜೆ ಹಾಕಿದ್ದಕ್ಕೆ ಹೊಡೆಯಲು ಬಂದಿದ್ದಾಳೆಂದು ನಾಲ್ಕಾರು ಮಕ್ಕಳು ಅಮ್ಮಂದಿರ ಸೆರಗಿನ ಹಿಂದೆ ಸೇರಿಕೊಂಡರು. "ಮಕ್ಕಳೆಲ್ಲ ಈ ಕಡೆ ಲೈನ್!" ಎಂದು ಕಾರ್ಪೊರೇಟರಮ್ಮ ಕೂಗಿದ ಕೂಗಿಗೆ ಟೀ ಮಾರುವವನೂ ನೆಟ್ಟಗೆ ನಿಂತ. ಪ್ರಾರ್ಥನೆಗೆ ನಿಲ್ಲುವ ಹಾಗೆ ಎತ್ತರದ ಪ್ರಕಾರ ನಿಂತರು. ನಿದ್ದೆಗಣ್ಣು, ಕೆದರಿದ ತಲೆ, ಮೂತಿಗೆಲ್ಲ ಶೇಂಗಾ ಹೋಳಿಗೆ. ಸಾಹೇಬರು ಬೆರಳು ತೋರಿಸುತ್ತ ಎಣಿಸಿದರು. ಬರಬೇಕಾದವರು ನಲವತ್ತಾರು, ನಿಂತವರೂ ನಲವತ್ತಾರು. ಹೆಡ್ ಮಾಸ್ತರು ಕಣ್ಣು ಮುಚ್ಚಿ ಕೈ ಮುಗಿದರು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

"ಒಂದ್ನಿಮಿಷ ಸಾರ್" ಎಂದರು ಕಾರ್ಪೊರೇಟರಮ್ಮ. ಸಾಲಿನ ನಡುವೆ ನಿಂತಿದ್ದ ಒಬ್ಬ ಹುಡುಗ, ಒಬ್ಬಳು ಹುಡುಗಿಯ ಭುಜ ಮುಟ್ಟಿ, ಗೇಣು ಹಾಕಿ ನೋಡಿದರು. "ಇವರಿಬ್ರಿಗೆ ನಾನು ಅಳತೆ ತಗೊಂಡಿಲ್ಲ. ಇವ್ರು ನಮ್ಮ ಸ್ಕೂಲ್ ಮಕ್ಕಳಲ್ಲ."

ಅಲ್ಲೇ ಅವರ ಬಾಯಿ ಮುಚ್ಚಿಬಿಡೋಣ ಅನ್ನಿಸಿತು ನನಗೆ. ಸುಳ್ಳು ಯಾರೂ ಹೇಳಿರಲಿಲ್ಲ, ಲೆಕ್ಕ ತಾನಾಗಿ ಸರಿಹೋಗಿತ್ತು, ಸುಮ್ಮನಿದ್ದರೆ ಶಾಲೆ ಉಳಿಯುತ್ತಿತ್ತು! ವಿಚಾರಿಸಿದರೆ, ನಮ್ಮ ಮಕ್ಕಳಲ್ಲಿ ಇಬ್ಬರು ಜ್ವರ ಬಂದು ಊರಲ್ಲೇ ಉಳಿದಿದ್ದರು. ಈ ಇಬ್ಬರು ಯಾರದೋ ಅಣ್ಣನ ಮಕ್ಕಳು, ಇಲ್ಲೇ ಇರಲು ಹೊಸದಾಗಿ ಬಂದವರು, ಲೈನ್ ಎಂದ ಕೂಡಲೇ ತಾವೂ ನಿಂತಿದ್ದರು.

ಸಾಹೇಬರು ಪೆನ್ನಿನ ಮುಚ್ಚಳ ಮತ್ತೆ ಹಾಕಿದರು. "ಮೇಡಂ, ಅಷ್ಟೂ ಮಕ್ಕಳ ಅಳತೆ ನೆನಪಿದ್ಯಾ ನಿಮಗೆ?" ಎಂದು ಕೇಳಿದರು. ಇವರು ಸಾಲಿನ ಉದ್ದಕ್ಕೂ ನಡೆಯುತ್ತ, ಇವನದು ಇಪ್ಪತ್ತೆರಡು, ಇವಳದು ಇಪ್ಪತ್ನಾಲ್ಕು, ಇವನಿಗೆ ತೋಳು ಬಿಚ್ಚಬೇಕು, ಬೆಳೆದುಬಿಟ್ಟಿದ್ದಾನೆ ಎಂದು ಹೇಳುತ್ತಾ ಹೋದರು. ಅರ್ಧ ಸಾಲಿಗೆ ಬರುವಷ್ಟರಲ್ಲಿ ಸಾಹೇಬರು ಸಾಕು ಎಂದು ಕೈ ಎತ್ತಿದರು. ಅವತ್ತು ಮೊದಲ ಸಲ ನಕ್ಕರು.

ಆಮೇಲೆ ಅಮ್ಮಂದಿರು ಬಿಡಲಿಲ್ಲ. ಗಂಟು ಬಿಚ್ಚಿ ಸಾಹೇಬರ ಅಂಗೈಗೇ ರೊಟ್ಟಿ ಹಾಕಿ, ಮೇಲೆ ಭಜ್ಜಿ ಸುರಿದರು. ಅವರು ನಿಂತೇ ತಿಂದು, ನನ್ನ ಹಾಜರಿ ಪುಸ್ತಕದ ಮೇಲೆ ಅರಿಶಿನದ ಬೆರಳಚ್ಚು ಒತ್ತಿ ಹೋದರು. ಹೊಸ ಹೆಸರುಗಳೆಲ್ಲ ನಿಜವೆಂದು ವರದಿ ಹೋಯಿತು, ಶಾಲೆ ಉಳಿಯಿತು. ಆ ಇಬ್ಬರು ಮಕ್ಕಳಿಗೂ ಅದೇ ಶನಿವಾರ ಅಳತೆ ತೆಗೆದರು.

ಸ್ಟೇಷನ್ನಿನಿಂದ ಕಾರ್ಪೊರೇಟರಮ್ಮ ನೇರ ಶಾಲೆಗೇ ಬಂದರು. ಕ್ಯಾಲೆಂಡರಿನಲ್ಲಿ ಮುಂದಿನ ಎಳ್ಳಮಾವಾಸ್ಯೆ ಎಲ್ಲಿದೆ ಎಂದು ಹುಡುಕಿಸಿದರು. ಕೈಯಿಂದ ಒಂದು ಗಾಜಿನ ಬಳೆ ತೆಗೆದು ಆ ದಿನದ ಮೇಲಿಟ್ಟು, ನನ್ನ ಕೆಂಪು ಪೆನ್ನಿನಿಂದ ಸುತ್ತ ಎಳೆದರು. ದಪ್ಪ ಕೈಯವರು, ಬಳೆಯೂ ದೊಡ್ಡದು. ಹಬ್ಬದ ಮೇಲಿನ ಚೌಕದ ಹಿಂದಿನ ದಿನ, ಕೆಳಗಿನ ಚೌಕದ ಮರುದಿನ ಎರಡೂ ಸುತ್ತಿನೊಳಗೆ ಬಂದವು. ಹೋಗೋಕೊಂದು ದಿನ, ಬರೋಕೊಂದು ದಿನ ಬೇಡ್ವಾ, ಬಳೆಯಷ್ಟು ಅಗಲ ರಜೆ ಕೊಡಿ ಎಂದರು. ಶಾಲೆ ತಾನೇ ಕೊಡಬಹುದಾದ ಸ್ಥಳೀಯ ರಜೆಯಲ್ಲಿ ಮೂರು ದಿನ ಅವತ್ತಿನಿಂದ ಅದಕ್ಕೇ ಮೀಸಲು.

ಅವರ ಅವಧಿ ಮುಗಿಯಿತು. ಆಮೇಲೆ ವಾರ್ಡಿಗೆ ಕಾರ್ಪೊರೇಟರೇ ಇಲ್ಲ, ಚುನಾವಣೆಯ ಮಾತು ಬರುತ್ತದೆ, ಹೋಗುತ್ತದೆ. ಅವರು ಮಾತ್ರ ಶನಿವಾರ ಬರುವುದು ಬಿಡಲಿಲ್ಲ. ಸಹಿ ಮಾಡುವ ಅಧಿಕಾರ ಇರಲಿಲ್ಲ, ಸೂಜಿ ಇತ್ತು. ಪ್ರತಿ ವರ್ಷ ಹೊಸ ಕ್ಯಾಲೆಂಡರ್ ಬಂದ ವಾರ ಬಳೆ ತೆಗೆಯುತ್ತಿದ್ದರು. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿಬಂದೆ. ಅಲ್ಲಿ ಅತ್ತಿರಲಿಲ್ಲ.

ಮೊನ್ನೆ ಡಬ್ಬಿ ತೊಳೆದು ಹಿಂದಿರುಗಿಸಲು ಆ ಹುಡುಗಿಯನ್ನು ಕರೆದಾಗ, ಗೋಡೆಗೆ ಹೊಸ ಕ್ಯಾಲೆಂಡರ್ ಹಾಕಿದ್ದರು. ಡಿಸೆಂಬರ್ ಹಾಳೆ ತಿರುಗಿಸಿದೆ, ಕಪ್ಪು ಚುಕ್ಕೆ ಸಿಕ್ಕಿತು. ಕೆಂಪು ಪೆನ್ನು ಇತ್ತು. ನನ್ನ ಕೈಯಲ್ಲಿ ವಾಚು ಬಿಟ್ಟರೆ ಏನಿಲ್ಲ.

"ಬಳಿ ಬೇಕೇನ್ರಿ ಮಿಸ್? ನಂದು ತಗೋರಿ" ಎಂದು ಹುಡುಗಿ ತನ್ನ ಕೈಯಿಂದ ಒಂದು ಬಳೆ ಜಾರಿಸಿ ಕೊಟ್ಟಳು. ಯಾಕೆಂದು ಕೇಳಲೂ ಇಲ್ಲ. ಹೋದ ವರ್ಷ ನೋಡಿದ್ದಳೋ ಏನೋ.

ಅದನ್ನು ಹಬ್ಬದ ದಿನದ ಮೇಲಿಟ್ಟು ಸುತ್ತ ಎಳೆದೆ. ಪುಟ್ಟ ಬಳೆ, ಆ ಒಂದೇ ದಿನವನ್ನು ಹಿಡಿಯಿತು.

"ರೈಲಿನ ದಿನ ಹೊರಗ ಉಳದ್ವಲ್ರಿ ಮಿಸ್" ಎಂದಳು.

ಅಲ್ಲಿಯವರೆಗೆ ಬರದಿದ್ದ ಅಳು ಆಗ ಬಂತು. ಕಣ್ಣೊರೆಸಿಕೊಂಡು, ಅದೇ ಬಳೆಯನ್ನು ಒಮ್ಮೆ ಮೇಲಿಟ್ಟು, ಒಮ್ಮೆ ಕೆಳಗಿಟ್ಟು ಇನ್ನೆರಡು ಸುತ್ತು ಎಳೆದೆ.