ಹರಿಯಬ್ಬೆಗೆ ಮೊದಲ ಬಾಟಲಿ

ಚಿತ್ರದುರ್ಗ ಬಿಟ್ಟಾಗ ಬೆಳಗಿನ ಗಾಳಿ ಇನ್ನೂ ತಣ್ಣಗಿತ್ತು. ಬಾಡಿಗೆ ಜೀಪಿನಲ್ಲಿ ನಾವು ಮೂವರು: ಡ್ರೈವರ್ ನಾಗರಾಜ, ಸ್ಕಾಟ್ಲೆಂಡಿನಿಂದ ಬಂದಿದ್ದ ನರ್ಸ್ ಎಲೆನ್, ನಾನು. ನಾನೂ ನರ್ಸೇ. ವಾಸಿಯಾಗದ ಕಾಯಿಲೆಯವರ ನೋವನ್ನಾದರೂ ಮನೆಯಲ್ಲೇ ಇಳಿಸಬೇಕೆಂದು ಎಲೆನ್ ಊರಿನ ಆಸ್ಪತ್ರೆಯೂ ನಮ್ಮದೂ ಕೈಜೋಡಿಸಿ ಎರಡು ವರ್ಷವಾಗಿತ್ತು. ಅವರು ಕಲಿಸಿದರು, ನಾವು ಕಲಿತೆವು. ಆದರೆ ಅದಕ್ಕೆ ಬೇಕಾದ ನೋವಿನ ಔಷಧಿ ಮಾರ್ಫಿನ್ ಇಟ್ಟುಕೊಳ್ಳಲು ಪರವಾನಗಿ ಸಿಕ್ಕಿದ್ದು ಆ ವಾರ. ಮೊದಲ ಬಾಟಲಿ ನನ್ನ ಮಡಿಲಲ್ಲಿತ್ತು. ಜೀಪು ಕುಲುಕಿದಾಗಲೆಲ್ಲ ಅದನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದೆ.

ಐಮಂಗಲದಲ್ಲಿ ಇಡ್ಲಿ ತಿಂದೆವು. ಲಾರಿಗಳ ಸದ್ದಿನ ನಡುವೆ ಎಲೆನ್ “ನೋವು ಎಲ್ಲೈತೆ?” ಎಂದು ಅಭ್ಯಾಸ ಮಾಡುತ್ತಿದ್ದಳು. ಹೋಟೆಲಿನವನು ಗಾಬರಿಯಾಗಿ ಅವಳ ಮುಂದೆ ಬಿಸಿನೀರು ತಂದಿಟ್ಟ.

ಹಿರಿಯೂರಿನ ತೆಂಗಿನ ತೋಟಗಳು ಹಿಂದಾಗಿ, ಕುರುಚಲು ಬಯಲು ಹಾಯ್ದು ಹರಿಯಬ್ಬೆ ಸೇರುವಾಗ ಬಿಸಿಲೇರಿತ್ತು. ಕುರಿ ಕಾಯುವ ಕರಿಯಣ್ಣನಿಗೆ ದವಡೆಯ ಕ್ಯಾನ್ಸರ್. ಮಲಗಿದರೆ ನೋವು ಸಿಡಿಯುತ್ತದೆಂದು ಗೋಡೆಗೊರಗಿ ಕೂತೇ ಇರುಳು ಕಳೆಯುತ್ತಿದ್ದ. ಎಲೆನ್ ತನ್ನ ಕನ್ನಡದಲ್ಲಿ ಕೇಳಿದಾಗ ದವಡೆ ಮುಟ್ಟಿ ತೋರಿಸಿದ. ಅವನ ಹೆಂಡತಿ ರಂಗಮ್ಮ ನನ್ನನ್ನು ಪಕ್ಕಕ್ಕೆ ಕರೆದಳು.

“ನಿಜ ಹೇಳ್ರಿ ಮೇಡಂ. ಇದು ಬೇಗ ಕಳಿಸಿಬಿಡೋ ಔಷಧಿ ಅಂತಾರೆ.”

ಎಲೆನ್‌ಗೆ ತಿಳಿಸಿದೆ. ಅವಳು ರಂಗಮ್ಮನೆದುರು ನೆಲದ ಮೇಲೆ ಕೂತು ನಿಧಾನವಾಗಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ: ಕಾಯಿಲೆ ವಾಸಿಯಾಗುವುದಿಲ್ಲ; ಆದರೆ ಅಳತೆ ತಪ್ಪದೆ ಕೊಟ್ಟರೆ ಇದು ಸಾಯಿಸುವುದಿಲ್ಲ, ನೋವಿಳಿಸುತ್ತದೆ. ರಂಗಮ್ಮ ಗಂಡನ ಕಡೆ ತಿರುಗಿದಳು. ಗೋಡೆಯ ಕಡೆಯಿಂದಲೇ ಉತ್ತರ ಬಂತು.

“ಕೊಡ್ರಿ,” ಎಂದ ಕರಿಯಣ್ಣ. “ಒಂದ್ಸಲ ಮೈ ಚಾಚಿ ಮಲಗ್ಬೇಕು.”

ಕುಡಿಸಿದೆ. ರಂಗಮ್ಮ ಮುದ್ದೆ, ಹುರುಳಿ ಸಾರು ಬಡಿಸಿದಳು. ಉಣ್ಣುತ್ತಲೇ ನಾನು ಕರಿಯಣ್ಣನ ಕಡೆ ನೋಡುತ್ತಿದ್ದೆ. ಊಟ ಮುಗಿದು ಸ್ವಲ್ಪ ಹೊತ್ತಿಗೆ ಅವನ ಬಿಗಿದ ಭುಜಗಳು ಸಡಿಲವಾದವು. ಮಜ್ಜಿಗೆ ಕೇಳಿ ಕುಡಿದ. ಆಮೇಲೆ ತಾನೇ ಕಂಬಳಿಯ ಮೇಲೆ ಮಗ್ಗುಲಾಗಿ, ನಿದ್ದೆ ಹೋದ. ಎಲೆನ್ ಅವನ ಉಸಿರು ನೋಡಿ ತಲೆಯಾಡಿಸಿದಳು; ಸಮವಾಗಿತ್ತು. ನನಗೆ ಖುಷಿಯಿಂದ ಕೂಗಿಬಿಡಬೇಕೆನಿಸಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ರಂಗಮ್ಮನಿಗೆ ಅಳತೆ ಕಲಿಸಿ, ಅವಳ ಕೈಯಲ್ಲೇ ನೀರು ಅಳೆಸಿ ನೋಡಿ, ನಾಳೆ ಬರುತ್ತೇವೆಂದು ಹೊರಟೆವು. ನಾಗರಾಜ ಕೀಲಿಗೆ ಕೈಹಾಕುವಷ್ಟರಲ್ಲಿ ಅವಳು ಓಡಿಬಂದಳು.

“ಇಲ್ಲಿ ಬ್ಯಾಡ ಕಣಪ್ಪ. ಈಗ ಮಲಗೈತೆ ಜೀವ.”

ಆ ಜೀಪಿನ ಸದ್ದು ಅಂಥದ್ದು. ನಾಗರಾಜ ಸ್ಟಿಯರಿಂಗ್ ಹಿಡಿದ. ಎಲೆನ್, ರಂಗಮ್ಮ, ನಾನು ಹಿಂದಿನಿಂದ ನೂಕಿದೆವು. ನಗು ತಡೆಯಲಾಗದೆ ಕೈ ಸೋಲುತ್ತಿತ್ತು. ಊರಾಚೆ ಜೀಪು ಗುಡುಗಿ ಹೊರಟ ಮೇಲೆ ತಿರುಗಿ ನೋಡಿದೆ. ರಂಗಮ್ಮ ರಸ್ತೆಯ ನಡುವೆ ಸೊಂಟಕ್ಕೆ ಕೈಕೊಟ್ಟು, ಏದುಸಿರು ಬಿಡುತ್ತ ಇನ್ನೂ ನಗುತ್ತಿದ್ದಳು.